ತಿಕೋಟಾದಾಕಿಯ ಸವಾಲು

ಮುಂಬಯಿ
12 ಡಿಸೆಂಬರ್ 1976

ಶ್ರೀಮತಿ ಹಾಜಿರಾಬಿ ಅವರಿಗೆ,
ತಿಕೋಟಾ, ವಿಜಾಪುರ ಜಿಲ್ಲೆ

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಇಲ್ಲಿನ ಒಂದು ಗ್ರಾಮಫೋನ್ ರೆಕಾರ್ಡು ಕಂಪನಿಯಲ್ಲಿ ಕನ್ನಡ ಹಾಡುಗಳ ಕೆಲಸ ನೋಡಿಕೊಳ್ಳುತ್ತೇನೆ. 1948ರಲ್ಲಿ ನಮ್ಮ ಕಂಪನಿಯವರು ಎರಡು ಗೀಗಿ ಮೇಳಗಳನ್ನು ಮುಂಬಯಿಗೆ ಕರೆಸಿ ಹಾಡಿಸಿದ್ದರು. ಒಂದು, ಗಂಡೇ ಹೆಚ್ಚು ಎಂದು ಹಾಡುವ ಬಾಬಲೇಶ್ವರದ ಯಲಗೂರಪ್ಪನವರ ಹರದೇಶಿ ಮೇಳ. ಇನ್ನೊಂದು, ಹೆಣ್ಣೇ ಹೆಚ್ಚು ಎಂದು ಹಾಡುವ ನಿಮ್ಮ ನಾಗೇಶಿ ಮೇಳ. ಯಲಗೂರಪ್ಪನವರ ಕೆಲವು ಹಾಡುಗಳು ಮಾತ್ರ ಪೇಟೆಗೆ ಬಂದವು, ಮಿಕ್ಕವು ಹಾಗೇ ಉಳಿದವು.

ಈಗ ಅವರ ಎಲ್ಲ ಹಾಡುಗಳನ್ನು, ಯಾರೂ ಇದುವರೆಗೆ ಕೇಳದವನ್ನೂ ಸೇರಿಸಿ, ಎಲ್.ಪಿ. ರೆಕಾರ್ಡುಗಳ ಒಂದು ಪೆಟ್ಟಿಗೆಯಾಗಿ ತರಬೇಕೆಂದು ಕಂಪನಿ ನಿರ್ಧರಿಸಿದೆ. ಆದರೆ ಹಳೆಯ ಲೋಹದ ಅಚ್ಚುಗಳನ್ನು ಎಂದೋ ಕರಗಿಸಿಬಿಟ್ಟಿದ್ದಾರೆ. ಹಾಡಿದವರಿಗೆ ಆಗ ಕೊಟ್ಟ ನಮೂನೆಯ ಪ್ಲೇಟುಗಳಷ್ಟೇ ದಿಕ್ಕು. ಬಾಬಲೇಶ್ವರದಲ್ಲಿದ್ದ ಪ್ಲೇಟುಗಳು ಮನೆಯ ಗೋಡೆ ಕುಸಿದಾಗ ಒಡೆದುಹೋದವು. ನಿಮ್ಮ ಹತ್ತಿರ ಇರುವವುಗಳಲ್ಲಿ ಒಂದು ಬದಿಗೆ ನಿಮ್ಮ ಹಾಡು, ಇನ್ನೊಂದು ಬದಿಗೆ ಯಲಗೂರಪ್ಪನವರ ಹಾಡು ಇದೆ ಎಂದು ಕೇಳಿದ್ದೇನೆ. ಅವುಗಳನ್ನು ಕೆಲ ದಿನಗಳ ಮಟ್ಟಿಗೆ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಸಿದ್ದರಾಯ


ವಿಜಾಪುರ
3 ಜನವರಿ 1977

ಶ್ರೀ ಸಿದ್ದರಾಯ ಅವರಿಗೆ,

ನೀವು ಬರೆದ ಪತ್ರ ತಿಕೋಟಾದಿಂದ ನನ್ನ ಕೈಗೆ ಬಂತು. ನಾನು ಹಾಜಿರಾಬಿಯವರ ಮಗಳು, ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತಾಯಿಯವರಿಗೆ ಓದು ಬರುವುದಿಲ್ಲ. ರವಿವಾರ ಹೋಗಿ ಪತ್ರ ಓದಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಪೆಟಗಿ ಮ್ಯಾಲ ಯಾರ ಹೆಸರ ಬರೀತಾನಂತ ಕೇಳವಾ."

ಅದನ್ನು ದಯವಿಟ್ಟು ತಿಳಿಸಿರಿ. ಪ್ಲೇಟುಗಳು ಇವೆಯೋ ಇಲ್ಲವೋ ಎಂಬುದನ್ನು ಆಮೇಲೆ ಬರೆಯುತ್ತೇನೆ.

ಸಬೀರಾ


ಮುಂಬಯಿ
15 ಜನವರಿ 1977

ಮಾನ್ಯ ಸಬೀರಾ ಅವರಿಗೆ,

ನಿಮ್ಮ ಉತ್ತರದಿಂದ ಸಂತೋಷವಾಯಿತು. ಪ್ಲೇಟುಗಳು ಇವೆ ಎಂದು ಅರ್ಥ ಮಾಡಿಕೊಂಡಿದ್ದೇನೆ.

ಪೆಟ್ಟಿಗೆಯ ಮೇಲೆ ಯಲಗೂರಪ್ಪನವರ ಹೆಸರು ಇರುತ್ತದೆ. 'ಬಾಬಲೇಶ್ವರದ ಹುಲಿ' ಎಂದು ಶೀರ್ಷಿಕೆ. ಒಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ ನಿಮ್ಮ ತಾಯಿಯವರ ಉಪಕಾರ ಸ್ಮರಿಸುತ್ತೇವೆ. ಇದರಲ್ಲಿ ಅಗೌರವವೇನೂ ಇಲ್ಲ. ಈ ವ್ಯವಹಾರ ಹೇಗಿದೆ ಎಂದರೆ, ಹಳೆಯ ಹಾಡಿನ ಪೆಟ್ಟಿಗೆಯನ್ನು ಕೊಳ್ಳುವವನು ಸಾಮಾನ್ಯ ಗಿರಾಕಿಯಲ್ಲ. ಪೇಟೆಯಲ್ಲಿ ಸಿಕ್ಕಿದ್ದು ಅವನ ಮನೆಯಲ್ಲಿ ಮೊದಲೇ ಇರುತ್ತದೆ. ಅವನಿಗೆ ಬೇಕಾದದ್ದು ಎಲ್ಲೂ ಸಿಗದ ಹಾಡು. ಅದು ಗರಗರ ಅನ್ನದೆ ಸ್ವಚ್ಛ ಕೇಳಬೇಕು. ಹಾಡಿದವರ ಫೋಟೋ ಬೇಕು, ಬಲ್ಲವರು ಬರೆದ ಪುಸ್ತಿಕೆ ಬೇಕು, ಕಪಾಟಿನಲ್ಲಿಟ್ಟರೆ ನಾಲ್ಕು ಜನ ಕೈಗೆತ್ತಿಕೊಂಡು ನೋಡುವಂಥ ಗಟ್ಟಿ ರಟ್ಟು ಬೇಕು. ಇಷ್ಟಿದ್ದರೆ ಅವನು ಹಿಂದೆಮುಂದೆ ನೋಡುವುದಿಲ್ಲ.

ಪುಸ್ತಿಕೆಯನ್ನು ಒಬ್ಬ ಹಿರಿಯ ಪ್ರಾಧ್ಯಾಪಕರಿಂದ ಬರೆಸಿದ್ದೇವೆ. ಅದರ ಕರಡು ಲಗತ್ತಿಸಿದ್ದೇನೆ. ಕನ್ನಡ ಕಲಿಸುವ ನಿಮಗೆ ಹಿಡಿಸುತ್ತದೆ ಎಂಬ ನಂಬಿಕೆ ನನಗಿದೆ.

ಸಿದ್ದರಾಯ


ವಿಜಾಪುರ
2 ಫೆಬ್ರವರಿ 1977

ಶ್ರೀ ಸಿದ್ದರಾಯ ಅವರಿಗೆ,

ಪುಸ್ತಿಕೆ ಹಿಡಿಸಿತು. ಎರಡು ಸಲ ಓದಿ, ಮೂರನೆಯ ಸಲ ತಿಕೋಟಾಕ್ಕೆ ಒಯ್ದು ಗಟ್ಟಿಯಾಗಿ ಓದಿದೆ. ಅಷ್ಟು ನಕ್ಕು ಬಹಳ ದಿನವಾಗಿತ್ತು.

ಯಲಗೂರಪ್ಪನವರ ಎಲ್ಲಕ್ಕಿಂತ ಹೆಸರಾದ ಹಾಡಿಗೆ ಪ್ರಾಧ್ಯಾಪಕರು ಎರಡು ಪುಟ ಬರೆದಿದ್ದಾರೆ.

ಗಡಿಗಿ ನಿನ್ನದಾದರ ನಾರಿ, ಗಡಿಗ್ಯಾಗಿನ ಕಾಳ ಯಾರದ?
ಕಾಳ ಇಲ್ಲದ ಗಡಿಗಿ ಬಡದರ ಬರೇ ಸಪ್ಪಳವೋ

ಇಲ್ಲಿ ಗಡಿಗೆ ಎಂದರೆ ದೇಹವಂತೆ, ಕಾಳು ಎಂದರೆ ಜೀವಾತ್ಮವಂತೆ, ನಾರಿ ಎಂದರೆ ಜಗತ್ತನ್ನು ಮರುಳು ಮಾಡುವ ಮಾಯೆಯಂತೆ. ಸ್ವಾಮಿ, ಆ ಮಾಯೆ ನನ್ನ ತಾಯಿ. ನಾನು ಓದುತ್ತಿದ್ದಾಗ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗಡಿಗೆ ಎಂದರೆ ಬೀಜದ ಗಡಿಗೆ. ಬೀಜ ಬಿತ್ತುವ ಗಂಡಸಿನ ಕೈಯೇ ದೊಡ್ಡದು ಎಂದು ನಿಮ್ಮ ಹುಲಿ ಮೊದಲು ಹಾಡಿದ್ದ. ಅದಕ್ಕೆ ನನ್ನ ತಾಯಿ ಸವಾಲು ಹಾಕಿದಳು:

ಬಿತ್ತಿದ ಕೈ ದೊಡ್ಡದಂದಿ ಬಾಬಲೇಶ್ವರದಾವನೆ,
ಬೂದಿ ಬೆರಸಿ ಬ್ಯಾಸಗಿ ತುಂಬ ಕಾಯ್ದ ಗಡಿಗಿ ಯಾರದೋ?

ಅದಕ್ಕೆ ಆತ ಕೊಟ್ಟ ಜವಾಬು ಅದು. ಎರಡೂ ಒಂದೇ ಪ್ಲೇಟಿನ ಎರಡು ಬದಿಗೆ ಇವೆ. ನಿಮ್ಮ ಕಂಪನಿ ಸವಾಲನ್ನು ಬಿಟ್ಟು ಜವಾಬನ್ನಷ್ಟೇ ಮಾರಿತು. ಸವಾಲು ಕೇಳದವರಿಗೆ ಬೀಜದ ಗಡಿಗೆ ದೇಹವಾಯಿತು. ಪ್ರಾಧ್ಯಾಪಕರದೇನು ತಪ್ಪು?

ಅಮ್ಮ ಜೋಳದ ಮೇಲಿಂದ ಕಣ್ಣೆತ್ತದೆ ಕೇಳಿದಳು. "ಮಾಯೆ ಅಂದ್ರ ಏನಬೇ?"

"ಇಲ್ಲದ್ದು ಇದ್ದಂಗ ಕಾಣೂದು," ಎಂದೆ.

"ಹಂಗಾರ ಇದ್ದಾಕಿನ್ನ ಇಲ್ಲ ಅನ್ನೂದಕ್ಕ ಏನಂತಾರ?"

ಅವಳ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದ ತಾಯವ್ವ ಪಕ್ಕದಲ್ಲೇ ಇದ್ದಳು. ಅದಕ್ಕೆ ಕಂಪನಿ ಅಂತಾರ ಎಂದು ಅವಳೇ ಉತ್ತರ ಕೊಟ್ಟಳು.

ಪ್ಲೇಟುಗಳು ಇವೆ. ಕೌದಿಯಲ್ಲಿ ಸುತ್ತಿ ಇಟ್ಟಿದ್ದಾಳೆ. ಪ್ರತಿ ಜವಾಬಿನ ಮುಂದೆ ಅದರ ಸವಾಲು ಬರಬೇಕು, ಪೆಟ್ಟಿಗೆಯ ಮೇಲೆ ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿ ಇರಬೇಕು. ಒಪ್ಪಿಗೆಯಾದರೆ ಬರೆಯಿರಿ. ಇಲ್ಲದಿದ್ದರೆ ಕೌದಿ ಬಿಚ್ಚುವುದಿಲ್ಲ.

ಸಬೀರಾ


ಮುಂಬಯಿ
20 ಫೆಬ್ರವರಿ 1977

ಮಾನ್ಯ ಸಬೀರಾ ಅವರಿಗೆ,

ನಿಮ್ಮ ಪತ್ರವನ್ನು ನಮ್ಮ ಸಾಹೇಬರಿಗೆ ತರ್ಜುಮೆ ಮಾಡಿ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ. ಅವರ ನಿರ್ಧಾರ ಇಷ್ಟು: ಹೆಂಗಸರ ಹಾಡುಗಳನ್ನು ಆಗಲೇ ಬೇಡವೆಂದು ಬಿಟ್ಟದ್ದು, ಹೆಸರಿಲ್ಲದ ದನಿಯನ್ನು ಈಗ ಯಾರು ಕೊಳ್ಳುತ್ತಾರೆ. ಬೇಕಾದರೆ ಕೊನೆಯ ರೆಕಾರ್ಡಿನ ಕೊನೆಯಲ್ಲಿ ನಿಮ್ಮ ತಾಯಿಯವರ ಒಂದು ಹಾಡು ಹಾಕಬಹುದು, ಅಪರೂಪದ್ದು ಎಂದು.

ನೀವು ಬೇಸರದಿಂದ ಬರೆದಿದ್ದೀರಿ. ನನಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಯಲಗೂರಪ್ಪನವರು ಗಡಿಗೆಯ ಹಾಡು ಹೇಳಿದರೆ ಸಂತೆಯಲ್ಲಿ ತಕ್ಕಡಿ ಹಿಡಿದವರು ತೂಗುವುದನ್ನು ನಿಲ್ಲಿಸುತ್ತಿದ್ದರು. ಅಂಥ ದನಿಗೆ ಒಂದು ಪೆಟ್ಟಿಗೆ ಪೂರಾ ಸಲ್ಲಬೇಕು. ಅದನ್ನು ಯಾರ ಜೊತೆಗೂ ಹಂಚಿಕೊಳ್ಳಬೇಕಾಗಿಲ್ಲ.

ಒಂದು ಹಾಡಿಗೆ ಒಪ್ಪಿಕೊಳ್ಳಿರಿ.

ಸಿದ್ದರಾಯ


ಮುಂಬಯಿ
4 ಏಪ್ರಿಲ್ 1977

ಮಾನ್ಯ ಸಬೀರಾ ಅವರಿಗೆ,

ಉತ್ತರ ಬರಲಿಲ್ಲ. ಪ್ಲೇಟುಗಳು ಒಡೆದಿರಬಹುದು, ಅದನ್ನು ಹೇಳಲು ನಿಮಗೆ ಸಂಕೋಚವಾಗಿರಬಹುದು ಎಂದು ಅನಿಸಿತು. ಒಡೆದಿದ್ದರೂ ಕಳಿಸಿರಿ. ಚೂರು ಜೋಡಿಸಿ ದನಿ ತೆಗೆಯುವವರು ನಮ್ಮಲ್ಲಿದ್ದಾರೆ. ಇಷ್ಟು ವರ್ಷ ಯಾರಾದರೂ ಎಷ್ಟು ಜೋಪಾನ ಮಾಡಲು ಸಾಧ್ಯ.

ಸಿದ್ದರಾಯ


ಮುಂಬಯಿ
9 ಮೇ 1977

ಸಬೀರಾ ಅವರಿಗೆ,

ನಿಮ್ಮ ತಾಯಿಯವರು ಆರೋಗ್ಯದಿಂದ ಇದ್ದಾರೆ ತಾನೇ? ಅಷ್ಟನ್ನಾದರೂ ತಿಳಿಸಿರಿ.

ಸಿದ್ದರಾಯ


ವಿಜಾಪುರ
28 ಮೇ 1977

ಸಿದ್ದರಾಯ ಯಲಗೂರಪ್ಪ ಅವರಿಗೆ,

ಪೂರ್ತಿ ಹೆಸರು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿರಿ.

ನನ್ನ ತಾಯಿ ಗಟ್ಟಿಯಾಗಿದ್ದಾಳೆ. ಪ್ಲೇಟುಗಳೂ ಒಡೆದಿಲ್ಲ. ಶಾಲೆಗೆ ಸೂಟಿ ಬೀಳಲಿ ಎಂದು ಕಾದೆವು. ಹೆಸರಿಲ್ಲದ ದನಿ ಎಂದು ನಿಮ್ಮ ಸಾಹೇಬರು ಅಂದದ್ದನ್ನು ಓದಿ ಹೇಳಿದ ದಿನವೇ ಅಮ್ಮ ನಿರ್ಧಾರ ಮಾಡಿದ್ದಳು. ಕಂಪನಿಯ ಜೊತೆ ಬಡಿದಾಡುವುದು ಬೇಡ, ಹಾಡಿದವನನ್ನೇ ಕೇಳೋಣ ಎಂದು. ಇಲ್ಲಿ ಹೋಟೆಲು ನಡೆಸುವ ರಸೂಲಸಾಬರಿಂದ ಚಾವಿ ಕೊಡುವ ಹಳೆಯ ಫೋನೋ ಕೇಳಿ ತಂದೆ. ಅದನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡೆ, ಅಮ್ಮ ಪ್ಲೇಟುಗಳನ್ನು ಮಡಿಲಲ್ಲಿ ಹಿಡಿದಳು. ಬಾಬಲೇಶ್ವರದ ಬಸ್ಸಿನಲ್ಲಿ ಕಂಡಕ್ಟರ್ ಲಗೇಜು ಮೇಲೆ ಹಾಕಿ ಎಂದ. ನೀನೇ ಮೇಲೆ ಹತ್ತಿ ಕೂಡು ಎಂದಳು ಅಮ್ಮ.

ನಿಮ್ಮ ತಂದೆ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದೆ, ಅದು ನಿಮಗೆ ಗೊತ್ತಿರಬಹುದು. ಯಾರವಾ ಬಂದಾವ್ರು ಎಂದು ಕೇಳಿದರು.

"ನಾ ಮಾಯೆ," ಎಂದಳು ಅಮ್ಮ. "ಇದ್ದಿಯೋ ಇಲ್ಲೋ ನೋಡಾಕ ಬಂದೇನಿ."

ಮುದುಕರು ತಲೆ ವಾರೆ ಮಾಡಿ ದನಿ ಆಲಿಸಿದರು. ಆಮೇಲೆ ಮುಖ ಅರಳಿತು. "ತಿಕೋಟಾದಾಕಿ! ಬಾಯಿ ಇನ್ನೂ ಹಂಗ ಐತೆಲ್ಲ."

"ನಿಂದು ಎಲ್ಲಿಗೆ ಹೋತು? ನಿನ್ನ ಪರವಾಗಿ ಕಂಪನ್ಯಾಂವ ಮಾತಾಡಾಕತ್ತಾನ."

ನಿಮ್ಮ ಅತ್ತಿಗೆ ಚಹಾ ತಂದರು. ಕುಡಿಯುತ್ತ ಗೋಡೆಯ ಮೇಲೆ ನೋಡಿದೆ. ಕಂಪನಿಯ ಫಲಕದ ಕೆಳಗೆ ನಿಂತವರೊಬ್ಬರ ಫೋಟೋ ಇತ್ತು. ಯಾರೆಂದು ಕೇಳಿದೆ. "ನಮ್ಮ ಸಣ್ಣ ಮೈದನ್ರಿ, ಸಿದ್ದರಾಯ, ಮುಂಬೈದಾಗ ಇರ್ತಾನ," ಎಂದರು. ಪೇಟೆಯವನೊಬ್ಬ ತನಗೆ ಸಂಬಂಧವಿಲ್ಲದ ಹಾಡನ್ನು ಕೊಂಡು ಮಾರುತ್ತಿದ್ದಾನೆ ಎಂದು ತಿಳಿದು ನಾನು ನಿಮಗೆ ಬರೆದಿದ್ದೆ. ನೀವು ಬಾಬಲೇಶ್ವರದವರೆಂದೂ ಬರೆಯಲಿಲ್ಲ, ಅವರ ಮಗನೆಂದೂ ಬರೆಯಲಿಲ್ಲ.

ಫೋನೋ ಹಚ್ಚಿದೆವು. ಗಡಿಗೆಯ ಸವಾಲು, ಜವಾಬು. ಒಂದಾದ ಮೇಲೆ ಒಂದು ಪ್ಲೇಟು. ನಡುವೆ ಮುದುಕರಿಬ್ಬರೂ ಕೀಟಲೆ ಮಾಡುತ್ತಿದ್ದರು. ಇಲ್ಲಿ ನೀ ಉಸುರು ತಪ್ಪಿಸಿದಿ ಎಂದು ಇವಳು, ಅದು ಉಸಿರಲ್ಲ, ನಿನ್ನ ಗಂಡ ಲಾಡಲೇಸಾಬ ಹಿಂದಿನಿಂದ ಕೆಮ್ಮಿದ್ದು ಎಂದು ಅವರು. ನನ್ನ ಅಪ್ಪ ಅಮ್ಮನ ಹಿಂದೆ ನಿಂತು ತುಂತುಣಿ ಬಾರಿಸುತ್ತಿದ್ದ. ಪ್ಲೇಟಿನಲ್ಲಿ ಅವನ ಕೆಮ್ಮೂ ಇದೆ ಎಂದು ನನಗೆ ಆವತ್ತೇ ತಿಳಿಯಿತು.

ಪೆಟ್ಟಿಗೆಯಲ್ಲಿ ಬರಿಯ ನಿಮ್ಮ ಹಾಡು ಹಾಕುತ್ತಾರಂತೆ ಎಂದು ನಾನು ಹೇಳಿದಾಗ ನಿಮ್ಮ ತಂದೆ ಕೀಟಲೆ ನಿಲ್ಲಿಸಿದರು. ಅವರ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ.

"ಆಕಿ ಸವಾಲ ತಗದ್ರ ನಾ ಒಬ್ಬಾವನ ನಿಂತು ಹುಚ್ಚನಂಗ ಒದರಿದಂಗ ಆಕ್ಕೈತಿ. ಮಂದಿ ನಗ್ತಾರ. ಹೇಳವಾ ಅವಗ, ನಿಮ್ಮಪ್ಪಗ ಹುಚ್ಚ ಹಿಡಿದಿಲ್ಲಂತ."

ಹೇಳಿದ್ದೇನೆ.

ಸಬೀರಾ


ಮುಂಬಯಿ
11 ಜೂನ್ 1977

ಸಬೀರಾಬಾಯಿಯವರಿಗೆ,

ನೀವು ಬರೆದ ಹೆಸರಿನಲ್ಲಿ ತಪ್ಪಿಲ್ಲ.

ಬಾಬಲೇಶ್ವರದವನೆಂದು ತಿಳಿದರೆ ತಿಕೋಟಾದ ಬಾಗಿಲು ತೆರೆಯಲಾರದು ಎಂದುಕೊಂಡಿದ್ದೆ. ಎರಡೂ ಊರಿನವರು ಇವತ್ತಿಗೂ ಬಸ್ ಸ್ಟ್ಯಾಂಡಿನಲ್ಲಿ ಯಾರ ಮೇಳ ಹೆಚ್ಚು ಎಂದು ವಾದ ಮಾಡುತ್ತಾರೆ. ಇಲ್ಲಿ ಕಂಪನಿಯಲ್ಲಿಯೂ ಹೇಳಿರಲಿಲ್ಲ. ತನ್ನ ಅಪ್ಪನನ್ನು ಮೆರೆಸುತ್ತಿದ್ದಾನೆ ಎಂದು ಸಾಹೇಬರು ಪೆಟ್ಟಿಗೆಯನ್ನೇ ನಿಲ್ಲಿಸಿಬಿಡುತ್ತಿದ್ದರು.

ನಿಮ್ಮ ಪತ್ರ ಬಂದ ಮರುದಿನ ಸಾಹೇಬರಿಗೆ ಹೇಳಿದೆ. ನಾನು ಯಲಗೂರಪ್ಪನ ಮಗ, ಅವರ ಎದುರಾಳಿಯ ಹಾಡನ್ನು ಪೆಟ್ಟಿಗೆಯಲ್ಲಿ ಹಾಕಬೇಕು, ಇಲ್ಲದಿದ್ದರೆ ಈ ಕೆಲಸದಲ್ಲಿ ನಾನಿಲ್ಲ ಎಂದೆ. ಸಾಹೇಬರು ಬೈದರು, ಅದನ್ನು ಬರೆಯುವುದಿಲ್ಲ. ನಿಮ್ಮ ಪ್ಲೇಟುಗಳಿಲ್ಲದೆ ಪೆಟ್ಟಿಗೆಯಲ್ಲಿ ಹೊಸದೇನೂ ಇಲ್ಲ, ಹೊಸದಿಲ್ಲದ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಅವರಿಗೂ ಗೊತ್ತು. ಕೊನೆಗೆ ಒಪ್ಪಿದರು. ಸವಾಲು ಮೊದಲು, ಜವಾಬು ಆಮೇಲೆ. 'ಹಾಜಿರಾಬಿ, ಯಲಗೂರಪ್ಪ: ಸವಾಲು ಜವಾಬು' ಎಂದು ಮೇಲೆ ಅಚ್ಚಾಗುತ್ತದೆ. ಅಕ್ಷರದ ಗಾತ್ರ ಒಂದೇ. ಪ್ರಾಧ್ಯಾಪಕರ ಪುಸ್ತಿಕೆ ಕೈಬಿಟ್ಟಿದ್ದೇವೆ. ಹೊಸದನ್ನು ನೀವೇ ಬರೆದುಕೊಡಬೇಕು.

ಈಗ ಕೌದಿ ಬಿಚ್ಚುತ್ತೀರಾ?

ಸಿದ್ದರಾಯ


ವಿಜಾಪುರ
2 ಜುಲೈ 1977

ಸಿದ್ದರಾಯ ಅವರಿಗೆ,

ನಮ್ಮ ಚಿಕ್ಕಪ್ಪನ ಮಗ ನಿಜಾಮುದ್ದೀನ ಮುಂಬಯಿಗೆ ಬರುತ್ತಿದ್ದಾನೆ. ಪ್ಲೇಟುಗಳು ಅವನ ಕೈಯಲ್ಲಿವೆ, ಕೌದಿ ಸಮೇತ. ಪ್ಲೇಟು ತೆಗೆದುಕೊಂಡು ಕೌದಿ ಮರಳಿ ಕೊಡಿರಿ, ಅದು ಅಮ್ಮನ ಹಾಸಿಗೆಯದು.

ಕೊನೆಯ ಪ್ಲೇಟನ್ನು ಕೊನೆಗೇ ಕೇಳಿರಿ.

ಸಬೀರಾ


ಮುಂಬಯಿ
6 ಆಗಸ್ಟ್ 1977

ಸಬೀರಾ ಅಕ್ಕನವರಿಗೆ,

ಹೀಗೆ ಕರೆಯಬಹುದೆಂದು ಭಾವಿಸುತ್ತೇನೆ.

ಎಲ್ಲವನ್ನೂ ಕೇಳಿದೆ. ನಾನು ಸಣ್ಣವನಿದ್ದಾಗಿನಿಂದ ಅಪ್ಪನ ಜವಾಬುಗಳನ್ನು ಬಾಯಿಪಾಠ ಬಲ್ಲೆ. ಅವು ಯಾವುದಕ್ಕೆ ಜವಾಬು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನಿಮ್ಮ ತಾಯಿ ಮೊದಲ ಸಾಲು ಎತ್ತಿದ ಕೂಡಲೇ ಅಪ್ಪನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ತಿಳಿಯುತ್ತದೆ. ಜವಾಬು ಮೊದಲಿಗಿಂತ ಎರಡು ಪಟ್ಟು ದೊಡ್ಡದಾಗಿ ಕೇಳುತ್ತದೆ. ಅಪ್ಪನ ಪೆಟ್ಟಿಗೆಯನ್ನು ಯಾರ ಜೊತೆಗೂ ಹಂಚಬೇಕಾಗಿಲ್ಲ ಎಂದು ನಾನು ನಿಮಗೆ ಬರೆದದ್ದು ತಿರುವುಮುರುವಾಗಿತ್ತು.

ಆದರೆ ಕೊನೆಯ ಪ್ಲೇಟು. ಒಂದು ಬದಿಗೆ ನಿಮ್ಮ ತಾಯಿ ಹಾಡಿದ್ದಾರೆ.

ಊರ ಹೆಸರ ಹಿಡದ ಕರದಿ, ಕುಲದ ಹೆಸರ ಹಿಡದ ಕರದಿ,
ನನ್ನ ಹೆಸರ ಹಿಡದ ಕರಿಯಾಕ ನಾಲಿಗಿ ಯಾಕ ಏಳವಲ್ದೋ?

ಇನ್ನೊಂದು ಬದಿ ಬೋಳು. ಗೆರೆಯೇ ಇಲ್ಲ. ಅಪ್ಪ ಹಾಡಲಿಲ್ಲವೇ? ಬಾಬಲೇಶ್ವರದಲ್ಲಿ ಯಾರೂ ಈ ಮಾತು ಹೇಳಿದ್ದು ಕೇಳಿಲ್ಲ. ನಮ್ಮೂರಲ್ಲಿ ಅಪ್ಪ ಸೋಲರಿಯದವರು.

ಸಾಹೇಬರು ಈ ಹಾಡನ್ನು ಬಿಟ್ಟುಬಿಡು ಎನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ಇನ್ನೊಂದು ದಾರಿ ಇದೆ. ದಸರೆಗೆ ಊರಿಗೆ ಬರುವಾಗ ಟೇಪ್ ರೆಕಾರ್ಡರು ತರುತ್ತೇನೆ. ಅಪ್ಪ ಈಗ ಜವಾಬು ಹಾಡಲಿ. ಆ ಬದಿ ತುಂಬುತ್ತದೆ. ಎಲ್ಲರಿಗೂ ಗೌರವ ಉಳಿಯುತ್ತದೆ. ನಿಮ್ಮ ತಾಯಿಗೂ ತಮ್ಮ ಹೆಸರು ಕೇಳಿದ ಸಮಾಧಾನ.

ಸಿದ್ದರಾಯ


ವಿಜಾಪುರ
24 ಆಗಸ್ಟ್ 1977

ತಮ್ಮ ಸಿದ್ದರಾಯನಿಗೆ,

ಅಕ್ಕ ಎಂದದ್ದಕ್ಕೆ ಬೇಸರವಿಲ್ಲ. ಅಕ್ಕನಾಗಿಯೇ ಹೇಳುತ್ತೇನೆ: ಬೇಡ.

ನಿನಗೆ ಗೊತ್ತಿರಬೇಕು, ಹರದೇಶಿಯವರು ಎದುರು ಮೇಳದ ಹೆಣ್ಣಿನ ಹೆಸರನ್ನು ಹಾಡಿನಲ್ಲಿ ಹಿಡಿಯುವುದಿಲ್ಲ. ನಿನ್ನ ತಂದೆಯ ಗುರುಗಳು ಹಾಗೆಂದು ಆಣೆ ಹಾಕಿಸಿದ್ದರಂತೆ. ತಿಕೋಟಾದಾಕಿ, ನಾರಿ, ಗರತಿ, ಗಯ್ಯಾಳಿ, ಏನಾದರೂ ಅನ್ನಬಹುದು. ಹೆಸರು ಮಾತ್ರ ಇಲ್ಲ. ಅಮ್ಮ ಅವರ ಹೆಸರು ಹಿಡಿದು ಹತ್ತು ಸಲ ಹಾಡಿದ್ದಾಳೆ. ಮುಂಬಯಿಯ ಆ ಕೋಣೆಯಲ್ಲಿ ಊರಿನ ಹಿರಿಯರಿರಲಿಲ್ಲ, ಗುರುಗಳಿರಲಿಲ್ಲ. ಅದಕ್ಕೇ ಅಮ್ಮ ಅಲ್ಲಿ ಈ ಸವಾಲು ಹಾಕಿದಳು. ನಿನ್ನ ತಂದೆ ದಪ್ಪು ಹಿಡಿದು ನಿಂತರು, ಯಂತ್ರ ತಿರುಗುತ್ತಲೇ ಇತ್ತು, ಬಾಯಿ ಬಿಡಲಿಲ್ಲ. ಕಂಪನಿಯವನು ಒಂದು ಪ್ಲೇಟು ಕೆಟ್ಟಿತು ಎಂದು ಕೂಗಾಡಿದ, ಆ ಬದಿಯನ್ನು ಅಚ್ಚೇ ಹಾಕಿಸಲಿಲ್ಲ.

ನೀನು ಹೇಳುವ ಸಮಾಧಾನವನ್ನು ಅಮ್ಮನಿಗೆ ಓದಿ ಹೇಳಿದೆ. "ನಾ ಸಮಾಧಾನ ಕೇಳಿದ್ನೇನ? ಸವಾಲ ಕೇಳೀನಿ," ಎಂದಳು.

ಪೆಟ್ಟಿಗೆ ಕೊಳ್ಳುವವನಿಗೆ ಎಲ್ಲೂ ಸಿಗದ್ದು ಬೇಕು ಎಂದು ನೀನೇ ಬರೆದಿದ್ದೆ. ಚೆನ್ನಾಗಿ ಹಾಡಿದ ಹಾಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟು ದೊಡ್ಡ ಹಾಡುಗಾರ ಒಂದು ಹೆಣ್ಣಿನ ಮಾತಿಗೆ ಮೂಕನಾಗಿ ನಿಂತದ್ದು ಎಲ್ಲಿ ಸಿಗುತ್ತದೆ? ಅದಕ್ಕಿಂತ ಅಪರೂಪದ್ದು ನಿನ್ನ ಪೆಟ್ಟಿಗೆಯಲ್ಲಿ ಇನ್ನೇನಿದೆ? ಅದನ್ನು ಹೊಸ ಜವಾಬಿನಿಂದ ಮುಚ್ಚಿದರೆ ಮಿಕ್ಕ ಜವಾಬುಗಳೂ ಸುಳ್ಳಾಗುತ್ತವೆ. ಕೇಳುವವನು ಇವನ್ನೆಲ್ಲ ಎಂದು ಹಾಡಿಸಿದರೋ ಎಂದು ಸಂಶಯ ಪಡುತ್ತಾನೆ.

ಆ ಬದಿ ಖಾಲಿ ಇರಬೇಕು. ಇಲ್ಲದಿದ್ದರೆ ಪ್ಲೇಟುಗಳನ್ನೆಲ್ಲ ಮರಳಿ ಕಳಿಸು. ಈ ಮಾತಿನಲ್ಲಿ ನಾನೂ ಅಮ್ಮನೂ ಒಂದೇ.

ನಿನ್ನ ಅಕ್ಕ,
ಸಬೀರಾ


ಬಾಬಲೇಶ್ವರ
23 ಅಕ್ಟೋಬರ್ 1977

ಸಬೀರಾ ಅಕ್ಕನವರಿಗೆ,

ನಿಮ್ಮ ಮಾತು ಮೀರಿ ಟೇಪ್ ರೆಕಾರ್ಡರು ತಂದೆ. ಸಿಟ್ಟಾಗಬೇಡಿ, ಪೂರ್ತಿ ಓದಿರಿ.

ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಪೆಟ್ಟಿಗೆ ಬಂದ ಮೇಲೆ ನಮ್ಮೂರ ಚಹಾದಂಗಡಿಯಲ್ಲಿ ಯಲಗೂರಪ್ಪ ಸೋತಿದ್ದನಂತೆ ಎನ್ನುವ ಮಾತು ಬರುತ್ತದೆ. ಅದೂ ನನ್ನ ಕೈಯಿಂದ. ಅದಕ್ಕೇ ಕಟ್ಟೆಯ ಮೇಲೆ ಮೈಕು ಇಟ್ಟು, ಅಪ್ಪನ ಕೈಗೆ ದಪ್ಪು ಕೊಟ್ಟು, ಒಂದೇ ಒಂದು ಸಲ ಹಾಡು ಎಂದೆ. ಏನಂತ ಹಾಡಲಿ ಎಂದು ಕೇಳಿದರು. ಆಣೆ ಹಾಕಿಸಿದ ಗುರುಗಳು ತೀರಿ ಎಷ್ಟೋ ಕಾಲವಾಯಿತು, ಹಾಜಿರಾಬಿಯವರ ಹೆಸರು ಹಿಡಿದು ಎರಡು ನುಡಿ ಹಾಡು, ಮುಗಿಯಿತು ಎಂದೆ.

ಅಪ್ಪ ದಪ್ಪಿನ ಚರ್ಮದ ಮೇಲೆ ಬೆರಳಾಡಿಸಿದರು. ಹಾಡುತ್ತಾರೆ ಎಂದು ಗುಂಡಿ ಒತ್ತಿದೆ. ಆದ್ದರಿಂದ ಅವರು ಹೇಳಿದ್ದು ಟೇಪಿನಲ್ಲಿಯೇ ಇದೆ.

"ಆವತ್ತು ಹೇಳಿದ್ರ ಜವಾಬ ಆಗತಿತ್ತು. ಇವತ್ತ ಹೇಳಿದ್ರ ಕರುಣಾ ಮಾಡಿದಂಗ ಆಕ್ಕೈತಿ. ಆಕಿ ಕರುಣಾ ಕೇಳಿಲ್ಲೋ. ನನಗ ಹೊಳೀಲಿಲ್ಲ, ಆಕಿ ಗೆದ್ಲು. ಸೋತಾವನ ಮಗ ಅನಿಸಿಕೊಳ್ಳಾಕ ನಿನಗ ನಾಚಿಕಿ ಬಂದ್ರ ಅದು ನಿನ್ನ ತ್ರಾಸು. ನನ್ನ ಸೋಲು ಅಳಸಾಕ ನೀ ಯಾರು?"

ನಾನು ಟೇಪು ನಿಲ್ಲಿಸಲಿಲ್ಲ. ಆಮೇಲೆ ಅಪ್ಪ ಕೇಳಿದರು, ಪೆಟ್ಟಿಗೆಯಲ್ಲಿ ಆಕೆಯ ಹೆಸರು ಮೊದಲು ಇದೆಯೋ ನನ್ನದೋ ಎಂದು. ಅವರದೇ ಮೊದಲು ಎಂದೆ. ಹಾಗೆಯೇ ಇರಲಿ, ಸವಾಲು ಮೊದಲು ಬರುತ್ತದೆ ಎಂದರು.

ನಾಳೆ ಮುಂಬಯಿಗೆ ಹೊರಡುತ್ತೇನೆ. ಆ ಬದಿ ಖಾಲಿ ಇರುತ್ತದೆ.

ತಮ್ಮ,
ಸಿದ್ದರಾಯ


ಮುಂಬಯಿ
17 ಡಿಸೆಂಬರ್ 1977

ಸಬೀರಾ ಅಕ್ಕನವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಚ್ಚು ಹಾಕುವ ಕಾರಖಾನೆಯವರು ಖಾಲಿ ಬದಿಯ ರೆಕಾರ್ಡನ್ನು ಎರಡು ಸಲ ತಪ್ಪೆಂದು ತಿಳಿದು ತಿರಸ್ಕರಿಸಿದರು. ಪೂರಾ ಬೋಳು ಬಿಟ್ಟರೆ ಮುಳ್ಳು ಜಾರಿ ಮುರಿಯುತ್ತದೆ, ಅದಕ್ಕೆ ಗೆರೆ ಕೊರೆಯಲೇಬೇಕು. ಹಾಡಿಲ್ಲದ ಗೆರೆ ಕೊರೆಸಿದೆ. ನಡುವಿನ ಚೀಟಿಯ ಮೇಲೆ 'ಜವಾಬು: ಯಲಗೂರಪ್ಪ' ಎಂದು ಮಾತ್ರ ಅಚ್ಚಾಗಿದೆ.

ಸಾಹೇಬರು ಗಿರಾಕಿಗಳು ಪೆಟ್ಟಿಗೆ ಮರಳಿ ತಂದರೆ ಯಾರು ಉತ್ತರ ಕೊಡುತ್ತಾರೆ ಎಂದು ಕೇಳಿದರು. ನಾನು ಕೊಡುತ್ತೇನೆ ಎಂದೆ. ಹೊಸ ವರ್ಷದಿಂದ ನನ್ನನ್ನು ಗೋದಾಮಿಗೆ ವರ್ಗ ಮಾಡಿದ್ದಾರೆ. ಇರಲಿ. ನೀವು ಬರೆದ ಪುಸ್ತಿಕೆಯನ್ನು ಒಂದಕ್ಷರ ಬಿಡದೆ ಹಾಕಿಸಿದ್ದೇನೆ, ಅದನ್ನು ಇನ್ನು ಯಾರೂ ತೆಗೆಯಲಾರರು.

ಸಿದ್ದರಾಯ


ತಿಕೋಟಾ
5 ಫೆಬ್ರವರಿ 1978

ತಮ್ಮ ಸಿದ್ದರಾಯನಿಗೆ,

ಪೆಟ್ಟಿಗೆ ಬಂತು. ಶಾಲೆಯ ರೆಕಾರ್ಡ್ ಪ್ಲೇಯರ್ ಕೇಳಿ ಪಡೆದು ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಇಲ್ಲಿಗೆ ಬಂದೆ. ನಿನ್ನನ್ನು ಗೋದಾಮಿಗೆ ಹಾಕಿದ ಸಂಗತಿಯನ್ನು ಅಮ್ಮನಿಗೆ ಹೇಳಿದೆ. ಆ ಸಾಹೇಬ ಯಾವೂರಿನವನು, ಅವನಿಗೂ ಒಂದು ಸವಾಲು ಕಟ್ಟುತ್ತೇನೆ ಎಂದಿದ್ದಾಳೆ.

ರಟ್ಟಿನ ಮೇಲೆ ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಬೆರಳು ಹಿಡಿದು ತೋರಿಸಿದೆ. ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಎರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ ಬಂದವರಿಗೆಲ್ಲ ತಾನೇ ತೋರಿಸಿದಳು. ಓಣಿಯ ಹೆಂಗಸರು ಬಂದು ಅಂಗಳ ತುಂಬ ಕೂತರು, ಗಂಡಸರು ಗೋಡೆಗೆ ಆತು ನಿಂತರು. ಹೊಸ ಹುಡುಗಿಯರು ಯಾರೂ ಅಮ್ಮ ಹಾಡಿದ್ದು ಕೇಳಿದವರಲ್ಲ. ಗಡಿಗೆಯ ಸವಾಲಿಗೆ ಒಬ್ಬಳು, ಇದು ನೀನೇನಬೇ ಆಯಿ ಎಂದು ಬಾಯಿ ತೆರೆದು ಕೂತಳು. ನಿನ್ನ ತಂದೆಯ ಜವಾಬಿಗೆ ಗಂಡಸರು ಶಾಬ್ಬಾಸ್ ಅಂದರು. ತಿಕೋಟಾದಲ್ಲಿ ಬಾಬಲೇಶ್ವರದವನಿಗೆ ಶಾಬ್ಬಾಸ್ ಸಿಕ್ಕಿತೆಂದು ಅವರಿಗೆ ಬರೆದು ತಿಳಿಸು.

ಕೊನೆಗೆ ಹೆಸರಿನ ಸವಾಲು. ಅಮ್ಮ ತುಟಿ ಅಲುಗಿಸದೆ ಕೇಳಿದಳು. ಅದು ಮುಗಿದ ಮೇಲೆ ನಾನು ರೆಕಾರ್ಡು ಎತ್ತಿ ಚೀಲಕ್ಕೆ ಹಾಕಹೋದೆ.

"ತಿರುವಿ ಹಾಕು," ಎಂದಳು.

"ಆ ಕಡೆ ಏನೂ ಇಲ್ಲಮ್ಮಾ."

"ಅಂವನ ಪಾಳಿ ಐತಿ. ಹಾಕು."

ಹಾಕಿದೆ. ಮುಳ್ಳು ಸಣ್ಣಗೆ ಸರಸರ ಅನ್ನುತ್ತ ಹೊರಟಿತು. ಹುಡುಗಿಯರು ಮೊದಲು ಕಿಸಕ್ಕನೆ ನಕ್ಕರು. ತಾಯವ್ವ ಗದರಿಸಿದಳು. ಆಮೇಲೆ ಯಾರೂ ನಗಲಿಲ್ಲ. ಗೋಡೆಗೆ ಆತು ನಿಂತ ಗಂಡಸರಲ್ಲಿ ಒಬ್ಬರು ಟೊಪ್ಪಿಗೆ ಸರಿಮಾಡಿಕೊಂಡರು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೂ ಬಾಗಿಲಲ್ಲಿ ನಿಂತ. ಅಮ್ಮ ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ಎದುರು ಮೇಳದವರ ಹಾಡು ಕೇಳುವಾಗ ಕೂರಬೇಕಾದ ಹಾಗೆ ನೆಟ್ಟಗೆ ಕೂತು, ಗೆರೆ ಮುಗಿದು ಮುಳ್ಳು ನಡುವಿಗೆ ಬಂದು ನಿಲ್ಲುವವರೆಗೆ ಕೇಳಿದಳು.

"ಪೂರಾ ಕೇಳಿದೆ," ಎಂದಳು. "ಇವತ್ತೂ ಹೇಳಲಿಲ್ಲ."

ಆಮೇಲೆ ಸೆರಗು ಕೊಡವಿ ನನ್ನತ್ತ ತಿರುಗಿದಳು. "ಹಚ್ಚಬೇ ನಂದು ಇನ್ನೊಮ್ಮಿ."

ನಿನ್ನ ಅಕ್ಕ,
ಸಬೀರಾ